ದಿನಾ ಹೊರಡುವ ಕಾರು

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಪದ್ಮನಾಭರು ಎಲ್ಲಿಗೋ ಹೊರಟಿದ್ದಾರೆ ಅಂತ ಜನಕ್ಕೆ ಗೊತ್ತಾಗುತ್ತಿದ್ದದ್ದು ಕಾರು ಹೋದ ಸದ್ದಿನಿಂದಲ್ಲ, ಹೋಗದ ಸದ್ದಿನಿಂದ. ಕೀ ತಿರುಗಿಸಿದ ಕೂಡಲೇ ಬಾನೆಟ್ಟಿನ ಒಳಗೆ ಯಾರೋ ಕೂತು ಅಡಿಕೆ ಕತ್ತರಿಸಿದ ಹಾಗೆ ಕಟ ಕಟ ಕಟ. ಆಮೇಲೆ ಮೌನ. ಆಮೇಲೆ ಇನ್ನೊಂದು ಕಂತು ಕಟ ಕಟ. ಅಷ್ಟು ಹೊತ್ತಿಗೆ ಎದುರುಮನೆಯ ನಾಣಿ ಪೇಪರು ಮಡಿಚಿಟ್ಟು ಗೇಟಿಗೆ ಬಂದಾಗಿರುತ್ತಿತ್ತು. ಪದ್ಮನಾಭರ ಮಹಡಿ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ರೇವಣಸಿದ್ದ, ಡೆಲಿವರಿ ಕಂಪನಿಯ ಟೀ ಶರ್ಟಿಗೆ ಒಂದೇ ತೋಳು ತೂರಿಸಿಕೊಂಡು ಮೆಟ್ಟಿಲಿಳಿದು, ಕಾರಿನ ಹಿಂಬದಿಯಲ್ಲಿ ತನ್ನ ಮಾಮೂಲಿ ಜಾಗದಲ್ಲಿ ನಿಂತಿರುತ್ತಿದ್ದ. ಯಾರೂ ಕರೆಯಬೇಕಾಗಿರಲಿಲ್ಲ.

"ದೂಡ್ಲೇನ್ರಿ ಸರ?"

"ಬೇಡಪ್ಪ, ಇನ್ನೊಂದ್ಸಲ ಟ್ರೈ ಮಾಡ್ತೀನಿ."

"ಮಾಡ್ರಿ, ಮಾಡ್ರಿ. ನಾ ಅಂತೂ ಜಿಮ್ ಬಿಟ್ಟೇನ್ರಿ. ನಿಮ್ಮ ಕಾರು ದೂಡಿ ದೂಡಿ ರಟ್ಟಿ ಹೆಂಗಾಗ್ಯಾವ ನೋಡ್ರಿ."

ಆದರೆ ಪದ್ಮನಾಭರು ತಳ್ಳಿಸಿಕೊಂಡು ಹೋಗುವ ಪೈಕಿ ಅಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದ ಮನುಷ್ಯ ತಳ್ಳುಗಾಡಿಯಲ್ಲಿ ಮುಖ್ಯರಸ್ತೆಗೆ ಇಳಿದರೆ ಹಳೆಯ ವಿದ್ಯಾರ್ಥಿಗಳು ಏನಂದಾರು. ಕೀ ಜೇಬಿಗೆ ಹಾಕಿಕೊಂಡು ಆಟೋ ಹಿಡಿಯುತ್ತಿದ್ದರು. ರೇವಣಸಿದ್ದನ ವ್ಯಾಯಾಮ ಬ್ಯಾಟರಿ ಅಂಗಡಿಯವರೆಗೆ ಕಾರು ಸಾಗಿಸುವ ದಿನಗಳಿಗೆ ಮಾತ್ರ ಮೀಸಲು. ಅಂಥ ದಿನಗಳಿಗೇನೂ ಬರ ಇರಲಿಲ್ಲ. ಚಾರ್ಜ್ ಮಾಡಿಸಿ ತಂದರೆ ಸ್ವಲ್ಪ ದಿನ ಸರಿ, ಮತ್ತೆ ಅಡಿಕೆ ಕತ್ತರಿ ಶುರು. ಹೊಸ ಬ್ಯಾಟರಿ ಹಾಕಿಸಿದರು. ಅದೂ ಸತ್ತಿತು. ಇನ್ನೂ ಒಂದು ಹಾಕಿಸಿದರು. ಅದೂ ಅದೇ ದಾರಿ ಹಿಡಿಯಿತು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ, "ಈ ದರಿದ್ರ ಸಾಕು. ಭಾನುವಾರ ಎಕ್ಸ್‌ಚೇಂಜ್‌ಗೆ ಬರಕ್ಕೆ ಹೇಳಿದೀನಿ, ತಗೊಂಡೋಗ್ಲಿ" ಅಂತ ಘೋಷಿಸಿದರು.

ಅನ್ನಕ್ಕೆ ಸಾರು ಕಲಸುತ್ತಿದ್ದ ಗಗನಾಳ ಕೈ ಅಲ್ಲೇ ನಿಂತಿತು.

ಗಗನಾ ಪದ್ಮನಾಭರ ತಮ್ಮನ ಮಗಳು. ಮನೆ ಕುರುಬರಹಳ್ಳಿಯಲ್ಲಾದರೂ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ಪರೀಕ್ಷೆ ಮುಗಿದಾಗಿನಿಂದ ಅವಳ ಊಟ ತಿಂಡಿಯೆಲ್ಲ ದೊಡ್ಡಪ್ಪನ ಮನೆಯಲ್ಲೇ. ಅವಳು ಡ್ರೈವಿಂಗ್ ಕಲಿತದ್ದು ಆ ಕಾರಿನಲ್ಲಿ. ಗೇರ್ ಹಾಕುವಾಗ ಅದು ಎಲ್ಲಿ ಮುನಿಸಿಕೊಳ್ಳುತ್ತದೆ, ಎಡಗಡೆಯ ಕಿಟಕಿಗೆ ಯಾವ ಜಾಗದಲ್ಲಿ ಒಂದು ಗುದ್ದು ಕೊಟ್ಟರೆ ಮೇಲೆ ಬರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಲೈಸೆನ್ಸ್ ಬಂದಾಗಿನಿಂದ ಅವಳಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಒಂದೇ ವಸ್ತು, ಅದು ಆ ಕಾರು.

"ದೊಡ್ಡಪ್ಪ, ಕೊಡ್ಬೇಡಿ. ಫಾಲ್ಟ್ ನಾನು ಹುಡುಕ್ತೀನಿ."

"ನೀನಾ? ಬ್ಯಾಟರಿ ಅಂಗಡಿ ಎಲೆಕ್ಟ್ರಿಷಿಯನ್ ಕೈಲೇ ಆಗ್ಲಿಲ್ಲ."

"ಅವ್ರು ಬ್ಯಾಟರಿ ಮಾರೋರು, ಫಾಲ್ಟ್ ಯಾಕೆ ಹುಡುಕ್ತಾರೆ? ನಾನು ಹುಡುಕಿದ್ರೆ?"

ಪದ್ಮನಾಭರು ಚಟ್ನಿಪುಡಿಗೆ ಎಣ್ಣೆ ಹಾಕಿಕೊಳ್ಳುತ್ತ ಯೋಚಿಸಿದರು. ಇಂಥ ಪಂಥಗಳೆಂದರೆ ಅವರಿಗೆ ಪ್ರಾಣ. "ಸರಿ. ಭಾನುವಾರದೊಳಗೆ ಕಾರಣ ಹೇಳ್ಬೇಕು. ಪುರಾವೆ ಸಮೇತ. ನಾನು ಒಪ್ಪೋ ಹಾಗಿರ್ಬೇಕು. ಹೇಳಿದ್ರೆ ಕಾರು ನಿಂದು."

"ಪ್ರಾಮಿಸ್?"

"ವಿಜ್ಞಾನದ ಮೇಲಾಣೆ."

ಬಡಿಸುತ್ತಿದ್ದ ದೊಡ್ಡಮ್ಮ ಸತ್ಯವತಿ ಸೌಟನ್ನು ಪಾತ್ರೆಯೊಳಗೆ ಬಿಟ್ಟು, "ಆಣೆ ಇಡಕ್ಕೆ ಅದಾದ್ರೂ ಸಿಕ್ತಲ್ಲ" ಅಂದರು.

ಪದ್ಮನಾಭರು ದೇವರ ಮೇಲೆ ಆಣೆಯಿಡುತ್ತಿರಲಿಲ್ಲ. ನಿವೃತ್ತರಾದ ಮೇಲೆ 'ವಿಚಾರ ಬೆಳಗು ವೇದಿಕೆ' ಅಂತ ಒಂದು ಸಂಘ ಕಟ್ಟಿದ್ದರು. ನಾಣಿ ಅದರ ಕಾರ್ಯದರ್ಶಿ, ಹಿಂದಿನ ಬೀದಿಯ ಸೋಮಲಿಂಗಪ್ಪ ಖಜಾಂಚಿ. ಉಳಿದ ಸದಸ್ಯರು ಪಾರ್ಕಿನಲ್ಲಿ ಮಂಡಿನೋವಿಗೆ ವಾಕಿಂಗ್ ಬಂದು ಸುಸ್ತಾಗಿ ಕೂತವರು. ಗ್ರಹಣ ಹಿಡಿದರೆ ಪದ್ಮನಾಭರು ಬೇಕೆಂದೇ ಬೀದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಎಲ್ಲರಿಗೂ ಕಾಣುವ ಹಾಗೆ ಚುರುಮುರಿ ತಿನ್ನುತ್ತಿದ್ದರು. ಬೆಕ್ಕು ಅಡ್ಡ ಬಂದರೆ ನಿಂತು ಅದಕ್ಕೆ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದರು. ಬರುವ ಭಾನುವಾರ ಸಂಜೆ ಐದಕ್ಕೆ ಪಾರ್ಕಿನಲ್ಲಿ ಅವರದೇ ಭಾಷಣ. ವಿಷಯ: 'ರಾಹುಕಾಲ ಯಾರ ಕಾಲ?' ಸಮಯವನ್ನೂ ಬೇಕೆಂದೇ ರಾಹುಕಾಲದ ನಟ್ಟನಡುವೆ ಇಟ್ಟಿದ್ದರು.

ಮಾರನೆಯ ದಿನ ಬೆಳಿಗ್ಗೆಯೇ ಗಗನಾ ಮಲ್ಟಿಮೀಟರು, ಸ್ಪ್ಯಾನರು, ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಬಂದಳು. 'ಗಗನಾ ಗ್ಯಾರೇಜ್' ಅಂತ ಅವಳದೊಂದು ಚಾನೆಲ್ ಇತ್ತು. ನೋಡುಗರಲ್ಲಿ ಹೆಚ್ಚಿನವರು ಚಿಕ್ಕಮ್ಮಂದಿರು, ಅತ್ತೆಯರು. ಅವರು ಬ್ಯಾಟರಿ ವಿಷಯ ಬಿಟ್ಟು 'ತುಂಬಾ ಬಡವಾಗಿದ್ದೀಯ ಪುಟ್ಟಿ' ಅಂತ ಕಾಮೆಂಟ್ ಹಾಕುತ್ತಿದ್ದರು. ಆದರೂ ಅವಳ ಉತ್ಸಾಹಕ್ಕೆ ಕುಂದಿಲ್ಲ. ಫೋನನ್ನು ತುಳಸಿಕಟ್ಟೆಗೆ ಆನಿಸಿ, "ಫ್ರೆಂಡ್ಸ್, ಇದು ನೂರಕ್ಕೆ ನೂರು ಟರ್ಮಿನಲ್ ಪ್ರಾಬ್ಲಮ್ಮು" ಅಂತ ಮೊದಲ ದಿನವೇ ತೀರ್ಪು ಕೊಟ್ಟಳು. ಟರ್ಮಿನಲ್ಲಿನ ಮೇಲೆ ಬೆಳೆದಿದ್ದ ಬಿಳಿ ಹುಡಿಯನ್ನೆಲ್ಲ ಬಿಸಿನೀರು, ಅಡುಗೆ ಸೋಡಾ ಹಾಕಿ ಉಜ್ಜಿ ಬೆಳ್ಳಿಲೋಟದ ಹಾಗೆ ಮಾಡಿದಳು. ಬ್ಯಾಟರಿ ಚಾರ್ಜ್ ಮಾಡಿಸಿದಳು. ಕಾರು ಒಂದೇ ಏಟಿಗೆ ಎದ್ದಿತು. ಎರಡು ದಿನದಲ್ಲಿ ಮೀಟರಿನ ಅಂಕಿ ಮತ್ತೆ ಇಳಿಮುಖ.

"ಫ್ರೆಂಡ್ಸ್, ನೂರಕ್ಕೆ ನೂರು ಅರ್ಥಿಂಗು" ಅಂದಳು. ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ದಪ್ಪ ತಂತಿಯ ಎರಡೂ ತುದಿಗೆ ಮೀಟರು ಹಿಡಿದು, ರೇವಣಸಿದ್ದನ ಕೈಲಿ ಕೀ ತಿರುಗಿಸಿ ನೋಡಿದಳು. ತಂತಿ ಚೆನ್ನಾಗಿತ್ತು. ಇಂಜಿನ್ ಎಬ್ಬಿಸುವ ಸೆಲ್ಫ್ ಮೋಟಾರು ಬಿಚ್ಚಿ ನೇರ ಬ್ಯಾಟರಿಗೆ ಕೊಟ್ಟು ನೋಡಿದಳು. ಅದು ಗಿರ್ರನೆ ತಿರುಗಿ ಅವಳ ಕೈಯಿಂದಲೇ ಹಾರಿಹೋಗುವುದರಲ್ಲಿತ್ತು. ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸಬೇಕಾದ ಡೈನಮೋ ಹದಿನಾಲ್ಕು ವೋಲ್ಟಿಗೂ ಮೇಲೆ ಕೊಡುತ್ತಿತ್ತು.

ಬೀದಿಯ ತಜ್ಞರು ಸುಮ್ಮನಿರಲಿಲ್ಲ.

"ಡೈನಮೋನೇ ಕಣಮ್ಮ" ಅಂದರು ನಾಣಿ. "ನಮ್ಮ ಭಾವಮೈದಂದೂ ಹಿಂಗೇ ಆಗಿತ್ತು."

"ಡೈನಮೋ ಸರಿ ಇದೆ ಮಾವ, ಈಗ್ಲೇ ನೋಡಿದೆ."

"ಅವಂದೂ ಸರಿ ಇದೆ ಅಂತಾನೇ ಹೇಳಿದ್ರು."

ಸೋಮಲಿಂಗಪ್ಪನವರು ಬಾನೆಟ್ಟಿನೊಳಗೆ ಮೂಗಿಟ್ಟು, "ಇಲಿ. ವೈರ್ ಕಡಿದಿದೆ. ವಾಸನೆ ಬರ್ತಾ ಇದೆ" ಅಂದರು. ವಾಸನೆ ಬಂದದ್ದು ಗಗನಾ ಪಕ್ಕದಲ್ಲಿಟ್ಟಿದ್ದ ಮಸಾಲೆ ವಡೆಯ ಪೊಟ್ಟಣದಿಂದ. ಪದ್ಮನಾಭರಂತೂ ದಿನಕ್ಕೊಮ್ಮೆ ಬಂದು ಕೈ ಹಿಂದೆ ಕಟ್ಟಿಕೊಂಡು, "ಎಲ್ಲೋ ಲೀಕ್ ಆಗ್ತಿದೆ ಕಣೇ. ಶಕ್ತಿ ಸುಮ್ನೆ ನಾಶ ಆಗಲ್ಲ, ರೂಪ ಬದಲಾಯಿಸುತ್ತೆ ಅಷ್ಟೆ. ಹೋಗಿದ್ದೆಲ್ಲಿ ಅಂತ ನೋಡು" ಅಂತ ಪಾಠ ಹೇಳಿ ಹೋಗುತ್ತಿದ್ದರು.

ಆ ಮಾತು ಅವಳಿಗೂ ಸರಿಯೆನಿಸಿತ್ತು. ಕಾರು ಸುಮ್ಮನೆ ನಿಂತಿರುವಾಗ ಯಾವುದೋ ಒಂದು ಕಳ್ಳ ದಾರಿಯಲ್ಲಿ ಕರೆಂಟು ಸೋರುತ್ತಿರಬೇಕು. ಬ್ಯಾಟರಿಯ ತಂತಿ ಬಿಚ್ಚಿ ನಡುವೆ ಮೀಟರು ಜೋಡಿಸಿ, ಬಾಗಿಲೆಲ್ಲ ಹಾಕಿ, ಉಸಿರು ಬಿಗಿಹಿಡಿದು ಕಾದಳು. ಸೋರಿಕೆ ಎಷ್ಟಿತ್ತೆಂದರೆ ಡ್ಯಾಶ್‌ಬೋರ್ಡಿನ ಗಡಿಯಾರಕ್ಕೆ ಸಾಕಾಗುವಷ್ಟು. ಅಷ್ಟರಿಂದ ತಿಂಗಳಾದರೂ ಬ್ಯಾಟರಿ ಮಲಗುವುದಿಲ್ಲ.

ಶನಿವಾರ ಬೆಳಿಗ್ಗೆ ಉಳಿದದ್ದು ಒಂದೇ ಅನುಮಾನ, ಡಿಕ್ಕಿಯ ಬಲ್ಬು. ಡಿಕ್ಕಿ ತೆಗೆದರೆ ಹತ್ತಿಕೊಳ್ಳುತ್ತದೆ, ಮುಚ್ಚಿದರೆ ಆರಬೇಕು. ಆರುತ್ತದೋ ಇಲ್ಲವೋ ಹೊರಗಿನವರಿಗೆ ಕಾಣುವುದಿಲ್ಲ. ಮೀಟರು ಹಿಡಿದ ದಿನ ಆರಿ, ಉಳಿದ ದಿನ ಆರದೆ ಆಟವಾಡಿಸುತ್ತಿದ್ದರೆ? ಫೋನು ಒಳಗಿಟ್ಟು ವಿಡಿಯೊ ಮಾಡಿಕೊಂಡರೆ ಮುಗಿಯುತ್ತಿತ್ತು. ಆದರೆ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿತ್ತು, ಗಗನಾಗೆ ಅಷ್ಟು ದೂರ ಹೋಗಿಬರುವ ತಾಳ್ಮೆ ಇರಲಿಲ್ಲ. ತಾನೇ ಡಿಕ್ಕಿಯೊಳಗೆ ಮಂಡಿ ಮಡಚಿಕೊಂಡು ಮಲಗಿ, ಮುಚ್ಚಳವನ್ನು ಒಳಗಿನಿಂದ ಎಳೆದುಕೊಂಡಳು.

ಟಕ್ಕೆಂದು ಮುಚ್ಚಿತು. ಬಲ್ಬು ಪ್ರಾಮಾಣಿಕವಾಗಿ ಆರಿತು.

ಕತ್ತಲಲ್ಲಿ ಸ್ಟೆಪ್ನಿಯ ಮೇಲೆ ಮಲಗಿಕೊಂಡು, ತನ್ನ ಕೊನೆಯ ಅನುಮಾನವೂ ನಿರಪರಾಧಿಯಾದ ದುಃಖದಲ್ಲಿ, ಹಿಂದಿನ ಸೀಟನ್ನು ಮಡಚಿ ಹೊರಬರಬೇಕು ಅನ್ನುವಷ್ಟರಲ್ಲಿ ಮುಂದಿನ ಬಾಗಿಲು ತೆರೆದ ಸದ್ದಾಯಿತು. ಯಾರೋ ಕೂತರು. ಗೊರಗೊರ ಅಂತ ಗಂಟಲು ಸರಿಮಾಡಿಕೊಂಡರು. ದೊಡ್ಡಪ್ಪ.

ಮಾತಾಡಿಸೋಣವೆಂದು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಯಾಕೆಂದರೆ ದೊಡ್ಡಪ್ಪ ಮೂಗಿನಲ್ಲೇ ಗಣಪತಿ ಶ್ಲೋಕ ಹೇಳುತ್ತಿದ್ದರು.

ಹೆಡ್‌ಲೈಟಿನ ಸ್ವಿಚ್ಚು ಟಕ್ಕೆಂದಿತು. ಸೆಲ್ಫ್ ತಿರುಗಿತು, ಇಂಜಿನ್ ಎದ್ದಿತು. ಕಾರು ಮೆಲ್ಲಗೆ ಮುಂದೆ ಹೋಗಿ ಗೇಟಿನ ಕಬ್ಬಿಣದ ಪಟ್ಟಿ ಹತ್ತಿ ಇಳಿಯಿತು. ಗಗನಾಳ ತಲೆ ಸ್ಟೆಪ್ನಿಗೆ ಬಡಿಯಿತು. ಕಾರು ನಿಂತಿತು. ಇಂಜಿನ್ ಆಫ್. ದೊಡ್ಡಪ್ಪ ಕೆಳಗಿಳಿದು ಒಂದು ಗಳಿಗೆ ಬೀದಿಯಲ್ಲಿ ನಿಂತರು. "ಪ್ರಸ್ಥಾನ ಆಯ್ತು. ಇನ್ನು ಹೊರಟಂಗೇ ಲೆಕ್ಕ" ಅಂತ ತಮಗೆ ತಾವೇ ಹೇಳಿಕೊಂಡರು. ಮತ್ತೆ ಹತ್ತಿ ಕೂತರು. ಈ ಸಲ ಸೆಲ್ಫ್ ಊಂ ಊಂ ಅಂತ ಮುಲುಗಿ ಕಷ್ಟಪಟ್ಟು ತಿರುಗಿತು. ಕಾರು ಹಿಮ್ಮುಖವಾಗಿ ಒಳಗೆ ಬಂತು. ಇಂಜಿನ್ ಆಫ್, ಲೈಟ್ ಆಫ್, ಬಾಗಿಲು ಧಪ್.

ಗಗನಾ ಕತ್ತಲಲ್ಲೇ ಲೆಕ್ಕ ಹಾಕಿದಳು. ಶನಿವಾರ ರಾಹುಕಾಲ ಒಂಬತ್ತರಿಂದ ಹತ್ತೂವರೆ. ದೊಡ್ಡಪ್ಪ ಭಾಷಣದ ಕರಪತ್ರ ತರಲು ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗಬೇಕಾದದ್ದು ಒಂಬತ್ತೂವರೆಗೆ.

ಅಜ್ಜಿ ಇದ್ದಾಗ ಹೀಗೇ ಮಾಡುತ್ತಿದ್ದಳು. ಕೆಟ್ಟ ವೇಳೆಯಲ್ಲಿ ಪ್ರಯಾಣ ಹೊರಡಲೇಬೇಕಾಗಿ ಬಂದರೆ, ಅದಕ್ಕೆ ಮೊದಲೇ ಒಳ್ಳೆಯ ವೇಳೆಯಲ್ಲಿ ಒಂದು ಬಟ್ಟೆಗಂಟನ್ನು ಪಕ್ಕದ ಮನೆಯಲ್ಲಿ ಇಟ್ಟು ಬಂದರಾಯಿತು. ಗಂಟು ಹೊರಟಿತು, ಅಂದರೆ ನೀವೂ ಹೊರಟಿರಿ. ಆಮೇಲೆ ರಾಹು ಬರಲಿ, ಯಾರೇ ಬರಲಿ, ದಾರಿಯಲ್ಲಿ ಇರುವವರನ್ನು ಏನೂ ಮಾಡುವಂತಿಲ್ಲ. ಅದಕ್ಕೆ ಪ್ರಸ್ಥಾನ ಇಡುವುದು ಅನ್ನುತ್ತಾರೆ. ಭೌತಶಾಸ್ತ್ರದ ಪ್ರಾಧ್ಯಾಪಕರು ಗಂಟಿನ ಬದಲು ಕಾರನ್ನೇ ಇಡುತ್ತಿದ್ದರು, ದೀಪದ ಬದಲು ಹೆಡ್‌ಲೈಟ್ ಹಚ್ಚುತ್ತಿದ್ದರು.

ಸೆಲ್ಫ್ ಒಂದು ಸಲ ತಿರುಗಿದರೆ ಬ್ಯಾಟರಿಯಿಂದ ಹೋಗುವುದನ್ನು ತುಂಬಿಸಲು ಕಾರು ಒಂದಿಷ್ಟು ಹೊತ್ತು ಓಡಬೇಕು. ಇದು ದಿನಾ ಎರಡು ಸಲ ಎದ್ದು, ಹೆಡ್‌ಲೈಟ್ ಉರಿಸಿ, ಓಡುತ್ತಿದ್ದದ್ದು ಗೇಟಿನ ಆಚೆಯ ಮೋರಿವರೆಗೆ. ನಿಜವಾಗಿ ಹೊರಡುವ ಹೊತ್ತಿಗೆ ಅಡಿಕೆ ಕತ್ತರಿ. ಆಟೋ. ಮಾರನೆಯ ದಿನ ಮತ್ತೆ ಪ್ರಸ್ಥಾನ. ಸೋರಿಕೆ ಇದ್ದದ್ದು ವೈರಿಂಗಿನಲ್ಲಲ್ಲ, ಪಂಚಾಂಗದಲ್ಲಿ.

ಸ್ವಲ್ಪ ಹೊತ್ತಿಗೆ ಇಸ್ತ್ರಿ ಷರಟು ಹಾಕಿಕೊಂಡು ಬಂದ ಪದ್ಮನಾಭರು ಕೀ ತಿರುಗಿಸಿದರು. ಕಟ ಕಟ ಕಟ. ಪಕ್ಕದ ಸೀಟಿನಲ್ಲಿ ಗಗನಾ ಕೂತಿದ್ದಳು, ಹಣೆಯ ಮೇಲೆ ಒಂದು ಬುಗುಟು.

"ದೊಡ್ಡಪ್ಪ, ನಾನು ಡಿಕ್ಕೀಲಿದ್ದೆ."

"ಯಾವಾಗ?"

"ನೀವು ಹೊರಟಾಗ."

ಪದ್ಮನಾಭರು ಸ್ಟಿಯರಿಂಗ್ ಹಿಡಿದುಕೊಂಡೇ ಮುಂದೆ ನೋಡಿದರು, ದಟ್ಟ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸುವವರ ಹಾಗೆ. "ಅದು ವಾರ್ಮಪ್ ಕಣೇ. ಇಂಜಿನ್ ಆಯಿಲ್ ಮೇಲಕ್ಕೆ ಬರ್ಬೇಕು."

"ಆಯಿಲ್ ಗೇಟಿಂದ ಆಚೆಗೂ ಬರ್ಬೇಕಾ?"

"ಟೈರು ಒಂದೇ ಜಾಗದ ಮೇಲೆ ನಿಂತ್ರೆ ಚಪ್ಪಟೆ ಆಗುತ್ತೆ."

"ಹೆಡ್‌ಲೈಟು?"

"ಬಲ್ಬ್ ಚೆಕ್ ಮಾಡ್ದೆ."

"ಶ್ಲೋಕ?"

ಅವರು ಕನ್ನಡಕ ತೆಗೆದು ಷರಟಿನ ತುದಿಯಿಂದ ಒರೆಸತೊಡಗಿದರು. "ಉಸಿರಾಟದ ವ್ಯಾಯಾಮ ಅದು. ಡಾಕ್ಟ್ರು ಹೇಳಿದಾರೆ." ಒರೆಸುತ್ತ ಒರೆಸುತ್ತ ದನಿ ಇಳಿಯಿತು. "ನಂಗೆ ಅದರಲ್ಲೆಲ್ಲ ನಂಬಿಕೆ ಇಲ್ಲಮ್ಮ, ನಿಜವಾಗ್ಲೂ ಇಲ್ಲ. ಆದ್ರೆ ಬಿಟ್ಟು ಹೋಗಿ ದಾರೀಲಿ ಏನಾದ್ರೂ ಆದ್ರೆ? ರಾಹುವಿಂದ ಆಗಲ್ಲ, ಗೊತ್ತು. ಆದ್ರೂ ಬಿಟ್ಟಿದ್ದಕ್ಕೇ ಆಯ್ತು ಅಂತ ಮನಸ್ಸಿಗೆ ಅನ್ಸುತ್ತಲ್ಲ, ಆ ಹಾಳು ಯೋಚನೆ ಬೇಡ ಅಂತ."

ಗಗನಾಗೆ ಅಯ್ಯೋ ಅನಿಸಿತು. ಅದರ ಜೊತೆಗೇ ಕಾರು ಗೆದ್ದೆ ಅಂತಲೂ ಅನಿಸಿತು. "ನಿಮ್ಮ ಕಾರು ದಿನಾ ಹೊರಡುತ್ತೆ ದೊಡ್ಡಪ್ಪ, ಎಲ್ಲಿಗೂ ಹೋಗಲ್ಲ. ಅದೇ ಫಾಲ್ಟು. ಪುರಾವೆ ನನ್ನ ಹಣೆ ಮೇಲಿದೆ. ಒಪ್ಕೊಳ್ಳಿ."

"ಒಪ್ಕೊಂಡೆ ಅಂತಿಟ್ಕೋ. ನಾಳೆ ನಾಣಿ ಕೇಳ್ತಾನೆ ಏನಾಗಿತ್ತು ಅಂತ. ಏನ್ ಹೇಳ್ತೀಯ? ನಾಳೆ ಸಂಜೆ ನಾನು ಯಾವ ವಿಷಯದ ಮೇಲೆ ಮಾತಾಡ್ಬೇಕು ಗೊತ್ತಲ್ಲ." ಅವರು ಹತ್ತಿರಕ್ಕೆ ಬಾಗಿದರು. "ಡಿಕ್ಕಿ ಲೈಟ್ ಆರ್ತಿರ್ಲಿಲ್ಲ ಅನ್ನು. ನಾನು ಎಲ್ಲರ ಮುಂದೆ ಒಪ್ಕೋತೀನಿ. ಕೀ ನಿನ್ನ ಕೈಗೆ ಕೊಡ್ತೀನಿ."

"ಅದು ಆರುತ್ತೆ ದೊಡ್ಡಪ್ಪ. ನಾನೇ ನೋಡಿದೀನಿ."

"ಬಲ್ಬಿಗೇನು ಮಾನ ಮರ್ಯಾದೆ ಇದೆಯಾ?"

ಇಲ್ಲದ ಫಾಲ್ಟನ್ನು ಇದೆ ಅನ್ನುವುದು ಗಗನಾ ಗ್ಯಾರೇಜಿನ ಧರ್ಮವಲ್ಲ. ಆದರೆ ಕಾರು? ಅವಳು ಸ್ಟಿಯರಿಂಗನ್ನು ನೋಡಿದಳು, ಕಿಟಕಿಯ ಗುದ್ದುವ ಜಾಗವನ್ನು ನೋಡಿದಳು. "ಸರಿ" ಅಂದಳು. ಫಾಲ್ಟ್ ಸಿಕ್ಕ ಖುಷಿಯಲ್ಲಿ ಆ ದಿನ ಹಾಕಬೇಕಾಗಿದ್ದ ವಿಡಿಯೊವನ್ನು ಹಾಕಲಿಲ್ಲ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬ್ಯಾಟರಿಗೆ ಅರೆಬರೆ ಚಾರ್ಜ್ ಮಾತ್ರ ಮಾಡಿಸಿ ತಂದು ಕೂರಿಸಿದಳು.

ಭಾನುವಾರ ನಾಲ್ಕರ ಹೊತ್ತಿಗೆ ಎಕ್ಸ್‌ಚೇಂಜ್ ಏಜೆಂಟ್ ಬಸವಕಿರಣ್ ಬಂದ. ಇಳಿಬಿದ್ದ ಐಡಿ ಕಾರ್ಡು, ಕೈಯಲ್ಲಿ ಎರಡು ಫೋನು. ಅದೇ ಹೊತ್ತಿಗೆ ಭಾಷಣಕಾರರನ್ನು ಕರೆದೊಯ್ಯಲು ನಾಣಿ, ಸೋಮಲಿಂಗಪ್ಪ ಬಂದರು. ರೇವಣಸಿದ್ದ ಮೆಟ್ಟಿಲ ಮೇಲೆ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದ. ಸತ್ಯವತಿ ಎಲ್ಲರಿಗೂ ಕಾಫಿ ತಂದರು.

ಪದ್ಮನಾಭರು ಕೆಮ್ಮಿ, "ಕಿರಣ್, ಒಂದು ನಿಮಿಷ. ಗಾಡಿ ಕೊಡ್ಬೇಕೋ ಬೇಡ್ವೋ ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಹುಡುಗಿ ಒಂದು ವಾರದಿಂದ ಸಂಶೋಧನೆ ಮಾಡಿದಾಳೆ. ಕಾರಣ ಹೇಳಿದ್ರೆ ಗಾಡಿ ಅವಳ್ದೇ. ಹೇಳಮ್ಮ" ಅಂದರು.

ಗಗನಾ ಬಾಯಿಪಾಠ ಒಪ್ಪಿಸುವವಳ ಹಾಗೆ, "ಡಿಕ್ಕಿ ಲೈಟು. ಮುಚ್ಚಿದ್ರೂ ಉರೀತಾ ಇರುತ್ತೆ. ಅದೇ ಬ್ಯಾಟರಿ ತಿನ್ನೋದು" ಅಂದಳು.

"ಒಪ್ಪಿದೆ" ಅಂದರು ಪದ್ಮನಾಭರು, ಅವಳು ಮುಗಿಸುವ ಮೊದಲೇ.

ಕಾರು ಕೈತಪ್ಪುವುದನ್ನು ಬಸವಕಿರಣ್ ಸುಲಭಕ್ಕೆ ಒಪ್ಪುವವನಲ್ಲ. "ಒಂದ್ ಸೆಕೆಂಡ್ ಸಾರ್." ತನ್ನ ಒಂದು ಫೋನಿನಲ್ಲಿ ವಿಡಿಯೊ ಒತ್ತಿ ಡಿಕ್ಕಿಯಲ್ಲಿಟ್ಟು ಮುಚ್ಚಿದ, ತೆಗೆದ, ಎಲ್ಲರಿಗೂ ತೋರಿಸಿದ. ಬೆಳಕು, ಕತ್ತಲೆ, ಬೆಳಕು. "ಆರ್ತಾ ಇದೆಯಲ್ಲ ಮೇಡಂ. ಇನ್ನೊಂದ್ಸಲ ತೋರಿಸ್ಲಾ?" ಅವನು ಪದ್ಮನಾಭರ ಕಡೆ ತಿರುಗಿದ. "ಸಾರ್, ಇದು ವೈರಿಂಗ್ ಪೂರ್ತಿ ಹೋಗಿರೋ ಕೇಸು. ಇವತ್ತು ಕೊಟ್ಬಿಡಿ, ನೆಮ್ಮದಿಯಾಗಿರಿ."

ಪದ್ಮನಾಭರು ಗಗನಾಳನ್ನು ನೋಡಿದರು, ನಾಣಿಯನ್ನು ನೋಡಿದರು, ಗಡಿಯಾರ ನೋಡಿದರು. ಭಾಷಣಕ್ಕೆ ಹೊತ್ತಾಗುತ್ತಿತ್ತು. ಜೇಬಿನಿಂದ ಕೀ ತೆಗೆದು ಬಸವಕಿರಣನ ಅಂಗೈಯಲ್ಲಿ ಇಟ್ಟೇಬಿಟ್ಟರು.

ಗಗನಾ ಒಂದು ಹೆಜ್ಜೆ ಮುಂದೆ ಬಂದಳು. "ಡಿಕ್ಕಿ ಲೈಟ್ ಅಲ್ಲ" ಅಂದಳು. "ಸುಳ್ಳು ಹೇಳ್ದೆ. ಕಾರಲ್ಲಿ ಏನೂ ಫಾಲ್ಟ್ ಇಲ್ಲ. ರಾಹುಕಾಲಕ್ಕೆ ಮೊದ್ಲು ದಿನಾ ಇದನ್ನ ಸ್ಟಾರ್ಟ್ ಮಾಡಿ ಗೇಟಾಚೆ ಬಿಟ್ಟು, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಒಳಗೆ ತರ್ತಾರೆ. ಪ್ರಸ್ಥಾನ. ಓಡಿಸಲ್ಲ. ಬ್ಯಾಟರಿ ಖಾಲಿಯಾಗದೆ ಇನ್ನೇನಾಗುತ್ತೆ?"

ನಾಣಿಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. "ತರ್ತಾರೆ ಅಂದ್ರೆ? ಯಾರು?"

ಗಗನಾ ನೆಲ ನೋಡಿದಳು. ಹೆಸರು ಹೇಳಲು ನಾಲಿಗೆ ಏಳಲಿಲ್ಲ. ಆ ಒಂದು ಗಳಿಗೆಯ ಸಂದಿಯಲ್ಲಿ ಪದ್ಮನಾಭರು ನುಗ್ಗಿದರು.

"ಇನ್ಯಾರು? ನಮ್ಮನೇಲಿ ಪಂಚಾಂಗ ನೋಡೋರು ಒಬ್ರೇ." ಅವರು ಹೆಂಡತಿಯ ಕಡೆ ಕೈ ತೋರಿಸಿ ನಿಟ್ಟುಸಿರಿಟ್ಟರು. "ನೋಡಿದ್ರಾ ನಾಣಿ? ನಾವು ಪಾರ್ಕಲ್ಲಿ ಬೆಳಕು ಹಚ್ತೀವಿ, ಕತ್ತಲೆ ನಮ್ಮ ಮನೇಲೇ ಇರುತ್ತೆ. ಮೌಢ್ಯ ಅನ್ನೋದು ಗೆದ್ದಲಿದ್ದ ಹಾಗೆ, ಕಣ್ಣಿಗೆ ಕಾಣಲ್ಲ. ವಿದ್ಯಾವಂತರ ಮನೆಗೇ ಮೊದ್ಲು ಹತ್ತುತ್ತೆ. ಒಂದು ಬ್ಯಾಟರಿ ಹೋದ್ರೆ ಹೋಗ್ಲಿ ಬಿಡಿ, ಒಂದು ಪೀಳಿಗೆಯ ವಿವೇಕ ಹೋಗುತ್ತಲ್ಲ." ಮಾತು ಕೈಗೆ ಸಿಕ್ಕಿತ್ತು, ಸಂಜೆಯ ಭಾಷಣದ ಅರ್ಧ ಭಾಗ ಕಾಂಪೌಂಡಿನಲ್ಲೇ ಮುಗಿಯಿತು. ಸೋಮಲಿಂಗಪ್ಪನವರು ಅಭ್ಯಾಸಬಲದಿಂದ ಎರಡು ಚಪ್ಪಾಳೆ ತಟ್ಟಿ ನಿಲ್ಲಿಸಿದರು.

ಸತ್ಯವತಿ ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸುತ್ತ ಪೂರ್ತಿ ಕೇಳಿದರು. ಗಂಡ ನೀರು ಕುಡಿಯಲು ನಿಲ್ಲಿಸಿದಾಗ ಕೇಳಿದರು: "ಅಲ್ಲ ರೀ, ಕ್ಲಚ್ಚು ಯಾವ ಕಾಲಲ್ಲಿ ಒತ್ತೋದು ಅಂತ ಒಂಚೂರು ಹೇಳಿಕೊಡ್ತೀರಾ? ಇಷ್ಟು ವರ್ಷ ಗೊತ್ತಿಲ್ದೇನೇ ಓಡಿಸ್ತಾ ಇದೀನಿ ನೋಡಿ."

ಮೆಟ್ಟಿಲ ಮೇಲೆ ಕಡ್ಲೆಕಾಯಿ ಸಿಪ್ಪೆ ಪಟ್ಟೆಂದಿತು. ಸತ್ಯವತಿಗೆ ಸೈಕಲ್ ಕೂಡ ಬಾರದು ಅನ್ನುವುದು ಬೀದಿಗೆಲ್ಲ ಗೊತ್ತಿದ್ದ ವಿಷಯ.

ಪರಿಸ್ಥಿತಿಯನ್ನು ತಿಳಿಗೊಳಿಸಲು ಬಸವಕಿರಣ್ ಮುಂದೆ ಬಂದ. "ಇರ್ಲಿ ಬಿಡಿ ಸಾರ್, ಎಲ್ಲರ ಮನೇಲೂ ಇದ್ದಿದ್ದೇ. ಫಾಲ್ಟ್ ಇಲ್ಲ ಅಂದ್ರೆ ನೀವೇ ಇಟ್ಕೊಳ್ಳಿ, ನಂಗೇನು ಬೇಜಾರಿಲ್ಲ." ಕೀ ಇದ್ದ ಕೈಯನ್ನು ಗಗನಾಳತ್ತ ಚಾಚಿದವನು ಫೋನಿನತ್ತ ನೋಡಿ ಹಿಂದಕ್ಕೆ ಎಳೆದುಕೊಂಡ. "ಮೇಡಂ, ನಾಲ್ಕೂವರೆ ಆಗೋಯ್ತು. ರಾಹುಕಾಲ. ಗಾಡಿ ಫಸ್ಟ್ ಟೈಮ್ 'ನಿಮ್ದು' ಅಂತ ತೆಗೀತೀರ, ಆರು ಗಂಟೆ ಮೇಲೆ ತಗೊಳ್ಳಿ. ನಮ್ಮ ಶೋರೂಮಲ್ಲೂ ಈ ಟೈಮಲ್ಲಿ ಡೆಲಿವರಿ ಕೊಡಲ್ಲ."

"ಏನಾಗಲ್ಲ, ಹೋಗ್ಲಿ" ಅಂದರು ಪದ್ಮನಾಭರು ತಟ್ಟನೆ. "ಮೂರು ಗಂಟೆಗೇ ಪ್ರಸ್ಥಾನ ಇಟ್ಟಿದೀನಿ."

ಅಂದ ಮೇಲೆ ಬಾಯಿ ಮುಚ್ಚಿಕೊಂಡರು. ಆದರೆ ಮಾತು ಗೇಟು ದಾಟಿಯಾಗಿತ್ತು.

ನಾಣಿ ಕಾಫಿ ಲೋಟವನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟರು. "ಪದ್ದು" ಅಂದರು, ಬಹಳ ಮೃದುವಾಗಿ. "ನಮ್ಮಪ್ಪ ಒಂದು ಪಂಚೆ ಸುತ್ತಿ ಪಕ್ಕದ್ಮನೇಲಿ ಇಡ್ತಿದ್ರು ಕಣೋ. ಪಂಚೆಗೆ ಬ್ಯಾಟರಿ ಬೇಕಾಗಲ್ಲ. ಮೊದ್ಲೇ ಹೇಳಿದ್ರೆ ನಮ್ಮನೇಲೇ ಜಾಗ ಕೊಡ್ತಿದ್ದೆ."

"ನಾನಂತೂ ಚಪ್ಪಲಿ ಬಿಟ್ಟು ಬರ್ತೀನಿ" ಅಂದರು ಸೋಮಲಿಂಗಪ್ಪ. ಎಲ್ಲರೂ ತಮ್ಮತ್ತ ತಿರುಗಿದಾಗ, "ದೂರದ ಪ್ರಯಾಣ ಇದ್ರೆ ಮಾತ್ರ" ಅಂತ ಸೇರಿಸಿದರು.

ಗಗನಾ ಬಸವಕಿರಣನ ಕೈಯಿಂದ ಕೀ ತಾನೇ ತೆಗೆದುಕೊಂಡಳು. "ಪುರಾವೆ ಸಮೇತ ಆಯ್ತಾ ದೊಡ್ಡಪ್ಪ?"

ಪದ್ಮನಾಭರು ತಲೆಯಾಡಿಸಿದರು. ಮುಖ ಕೆಂಪಗಾಗಿತ್ತು. ಆದರೂ ಭೌತಶಾಸ್ತ್ರ ಸುಮ್ಮನಿರಗೊಡಲಿಲ್ಲ. "ಈಗ ಸ್ಟಾರ್ಟ್ ಆಗಲ್ಲ ಕಣೇ. ಮೂರು ಗಂಟೇದು ಹೇಳಿದ್ನಲ್ಲ."

ಕಟ ಕಟ ಕಟ.

"ಏಳ್ರಿ, ಏಳ್ರಿ" ಅಂತ ರೇವಣಸಿದ್ದ ಸಿಪ್ಪೆ ಕೊಡವಿಕೊಂಡು ಇಳಿದು ಬಂದ. "ಇವತ್ತ ವೇದಿಕಿ ಮಂದಿ ಎಲ್ಲಾರೂ ಹಚ್ರಿ ಕೈ. ಅಕ್ಕಾರ, ಎರಡನೇ ಗೇರ್ ಹಾಕಿ ಕ್ಲಚ್ ಒತ್ತಿ ಹಿಡೀರಿ. ನಾ ಬಿಡ್ರಿ ಅಂದಾಗ ಬಿಡ್ರಿ."

ಆಗ ಎಡಗಡೆಯ ಬಾಗಿಲು ತೆಗೆದು ಸತ್ಯವತಿ ಒಳಗೆ ಕೂತರು, ಹೆಗಲ ಮೇಲೆ ಅಡುಗೆಮನೆಯ ಕೈವಸ್ತ್ರ ಹಾಗೇ ಇತ್ತು.

"ನೀನೆಲ್ಲಿಗೆ?" ಅಂದರು ಪದ್ಮನಾಭರು.

"ಈ ಕಾರನ್ನ ನಾನೇ ದಿನಾ ಓಡಿಸ್ತಿದ್ನಂತೆ. ಒಂದಿನ ಕೂತಾದ್ರೂ ನೋಡ್ತೀನಿ. ನೀವು ಭಾಷಣ ಮುಗಿಸಿ ಬನ್ನಿ, ಅನ್ನ ಮಾಡಿಟ್ಟಿದೀನಿ."

ವಿಚಾರ ಬೆಳಗು ವೇದಿಕೆಯ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಬಾಡಿಗೆದಾರ, ಎಕ್ಸ್‌ಚೇಂಜ್ ಏಜೆಂಟ್ ಎಲ್ಲ ಸೇರಿ ರಾಹುಕಾಲದಲ್ಲಿ ಕಾರು ತಳ್ಳಿದರು. ಅದು ಗೇಟು ದಾಟಿತು, ಮೋರಿ ದಾಟಿತು, ನಾಣಿಯ ಮನೆ ದಾಟಿತು. "ಬಿಡ್ರಿ" ಅಂತ ರೇವಣಸಿದ್ದ ಕೂಗಿದ. ಗಗನಾ ಕ್ಲಚ್ ಬಿಟ್ಟಳು. ಕಾರು ಒಮ್ಮೆ ಬಿಕ್ಕಳಿಸಿ ಎದ್ದಿತು. ಕನ್ನಡಿಯಲ್ಲಿ ದೊಡ್ಡಪ್ಪ ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ, "ಆಫ್ ಮಾಡ್ಬೇಡ, ಎಲ್ಲೂ ಆಫ್ ಮಾಡ್ಬೇಡ" ಅನ್ನುತ್ತಿದ್ದದ್ದು ಕಂಡಿತು. ಪಕ್ಕದಲ್ಲಿ ನಾಣಿ ಅವರ ಭುಜ ತಟ್ಟಿ, "ಬಾರೋ, ಇವತ್ತಿನ ಭಾಷಣಕ್ಕೆ ಉದಾಹರಣೆ ಬೇಕಾದಷ್ಟಿದೆ" ಅನ್ನುತ್ತಿದ್ದರು.

ಮುಖ್ಯರಸ್ತೆಯ ಸಿಗ್ನಲ್ಲು ಕೆಂಪಿತ್ತು. ಗಗನಾ ಎರಡು ಕೈಯಲ್ಲೂ ಸ್ಟಿಯರಿಂಗ್ ಹಿಡಿದು, ಇಂಜಿನ್ ಸದ್ದಿಗೆ ಕಿವಿಗೊಟ್ಟು ಕೂತಿದ್ದಳು.

"ಎಷ್ಟು ದೂರ ಹೋದ್ರೆ ಇದು ತುಂಬುತ್ತೆ?" ಅಂದರು ಸತ್ಯವತಿ.

"ಒಂದ್ ಗಂಟೆ ಓಡಿಸ್ಬೇಕು ದೊಡ್ಡಮ್ಮ."

"ಹಾಗಾದ್ರೆ ಕೆಂಗೇರಿ ಕಡೆ ತಿರುಗಿಸು. ನಮ್ಮಕ್ಕನ ಮನೆಗೆ ಹೋಗಿ ಬಹಳ ದಿನ ಆಯ್ತು."

"ಅಲ್ಲಿ ಇಳಿದ್ರೆ ಆಫ್ ಮಾಡ್ಬೇಕಾಗುತ್ತೆ."

"ಇಳಿಯೋದೇನು ಬೇಡ. ಗೇಟ್ ಹತ್ರ ನಿಂತು ಹಾರ್ನ್ ಹೊಡಿ, ಕಾಫಿ ಕಾರಿಗೇ ತಂದ್ಕೊಡ್ತಾಳೆ."

ಹಸಿರು ಬಿತ್ತು. ಗಗನಾ ಮೊದಲನೆಯ ಗೇರಿಗೆ ಹಾಕಿದಳು. ಗೇರು ಎಂದಿನ ಜಾಗದಲ್ಲೇ ಮುನಿಸಿಕೊಂಡಿತು, ಆಮೇಲೆ ಬಿತ್ತು.